ಎರಡು ತುಂಬಿತು, ಇನ್ನೂ ಮಾತಿಲ್ಲ

ಗೌರಿ ಹಬ್ಬಕ್ಕೆಂದು ಹಾಸನ ಸೀಮೆಯ ತವರುಮನೆಗೆ ಬಂದವರು ಈ ಇಬ್ಬರು. ಹಿರಿಯಾಕೆ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತರಾದವರು. ಊರಿನ ಎರಡು ತಲೆಮಾರಿಗೆ ಹಾಡು ಹೇಳಿಕೊಟ್ಟವರು. ಕಿರಿಯಾಕೆ ಅವರ ತಂಗಿಯ ಮಗಳು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಮಾತು ಮತ್ತು ಕಿವಿಯ ತೊಂದರೆಯಿರುವ ಮಕ್ಕಳನ್ನು ನೋಡುವ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಬೆಂಗಳೂರಿನಿಂದ ಬಂದಿರುವ ಎರಡು ವರ್ಷದ ಗಂಡುಮಗುವೊಂದು ಮನೆಯಲ್ಲಿದೆ. ಅದು ಆಡುವುದು ಏಳೆಂಟು ಪದ ಮಾತ್ರ. ತಾಯಿ ದಿಗಿಲುಪಟ್ಟಿದ್ದಾಳೆ, ಉಳಿದವರೆಲ್ಲ ‘ಬರುತ್ತೆ ಬಿಡು’ ಎನ್ನುತ್ತಿದ್ದಾರೆ. ಊಟ ಮುಗಿದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಹಿರಿಯಾಕೆಯೇ ಮಾತು ತೆಗೆದರು.

ಹಿರಿಯಾಕೆ: ನಿನ್ನೆಯಿಂದ ನೋಡ್ತಿದೀನಿ, ಆ ಹುಡುಗಿ ಮುಖ ಬಾಡಿಹೋಗಿದೆ. ಏನೇ ತುಂಬಿದೀಯ ಅವಳ ತಲೇಲಿ?

ಕಿರಿಯಾಕೆ: ನಾನೇನೂ ತುಂಬಿಲ್ಲ ದೊಡ್ಡಮ್ಮ. ಅವಳೇ ಕೇಳಿದ್ಲು. ಪಕ್ಕದ ಮನೆ ಮಗು ಇವನಿಗಿಂತ ಚಿಕ್ಕದು, ಆಗಲೇ ‘ಅಮ್ಮ ಬಾ’, ‘ಹಾಲು ಬೇಡ’ ಅನ್ನುತ್ತಂತೆ. ಇವನು ಬೇಕಾದ್ದಕ್ಕೆಲ್ಲ ಕೈ ಹಿಡಿದು ಎಳೀತಾನೆ. ಒಂದು ಸಲ ತೋರಿಸು ಅಂದೆ, ಅಷ್ಟೆ.

ಹಿರಿಯಾಕೆ: ಪಕ್ಕದ ಮನೆ ಮಗು! ಎಲ್ಲ ರಗಳೆ ಶುರುವಾಗೋದೇ ಅಲ್ಲಿಂದ. ಒಂದೇ ಬೀದೀಲಿ ಒಂದೇ ತಿಂಗಳು ಹುಟ್ಟಿದ ಮಕ್ಕಳನ್ನ ಎಷ್ಟು ನೋಡಿದೀನಿ. ಒಂದು ಒಂದೂವರೆ ವರ್ಷಕ್ಕೇ ಮನೆ ಗುಟ್ಟೆಲ್ಲ ಊರಿಗೆ ಸಾರೋದು. ಇನ್ನೊಂದು ಎರಡೂವರೆ ಆದರೂ ಬೆರಳು ತೋರಿಸಿಕೊಂಡೇ ದಿನ ತಳ್ಳೋದು. ಮೂರೂವರೆ ಹೊತ್ತಿಗೆ ಎರಡರ ಬಾಯೂ ಮುಚ್ಚಿಸೋಕೆ ಆಗ್ತಿರಲಿಲ್ಲ.

ಕಿರಿಯಾಕೆ: ಅದು ನಿಜ. ಬೇರೇನೂ ತೊಂದರೆ ಇಲ್ಲದೆ, ಬರೀ ಮಾತು ಮಾತ್ರ ಹಿಂದೆ ಬಿದ್ದ ಎರಡು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಾಲೆಗೆ ಸೇರೋ ಹೊತ್ತಿಗೆ ಉಳಿದವರ ಸಮಕ್ಕೆ ಬರ್ತಾರೆ. ನಾವು ಓದಿದ್ದೂ ಅದನ್ನೇ. ಆದರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಂಗನವಾಡಿಗೆ ಮಕ್ಕಳು ಬಂದು ಕೂರೋದು ಮೂರು ತುಂಬಿದ ಮೇಲೆ. ಮೂರಾದರೂ ಮಾತು ಬರದ ಮಗೂನ ನಿಮ್ಮ ಹತ್ತಿರ ಕಳಿಸ್ತಿದ್ರಾ?

ಹಿರಿಯಾಕೆ: …ಇಲ್ಲ. ‘ಇನ್ನೂ ಮಾತು ಬಂದಿಲ್ಲ, ಬಂದ ಮೇಲೆ ಕಳಿಸ್ತೀವಿ’ ಅನ್ನೋರು.

ಕಿರಿಯಾಕೆ: ಹಾಗಾದರೆ ನೀವು ಕಂಡಿದ್ದು ಮಾತು ಬಂದವರನ್ನೇ. ಬಾರದವರು ಮನೆ ಒಳಗೇ ಉಳಿದರು.

ಹಿರಿಯಾಕೆ: ಪೂರ್ತಿ ಹಾಗಲ್ಲ ಕಣೇ. ತೂಕ ನೋಡೋಕೆ, ಪೌಷ್ಟಿಕ ಆಹಾರ ಕೊಡೋಕೆ ಮನೆ ಮನೆಗೂ ಹೋಗ್ತಿದ್ದೆ, ಒಳಗಿದ್ದವರನ್ನೂ ಕಂಡಿದೀನಿ. ಅವರ ವಿಷಯಕ್ಕೆ ಆಮೇಲೆ ಬರ್ತೀನಿ. ಈಗ ನಮ್ಮ ಮಗು ವಿಷಯ ಮಾತಾಡು. ಅವನಪ್ಪ ಬಾಯಿ ಬಿಟ್ಟಿದ್ದೇ ಮೂರಕ್ಕೆ. ಈಗ ನೋಡು, ಎಲ್‌ಐಸಿ ಏಜೆಂಟು, ಮಾತಾಡೇ ಹೊಟ್ಟೆ ಹೊರ್ಕೊಳ್ತಾನೆ. ಅಪ್ಪನ ಥರ ಮಗ.

ಕಿರಿಯಾಕೆ: ಇದನ್ನ ಪ್ರತಿ ಮನೇಲೂ ಕೇಳ್ತೀನಿ. ಮನೇಲಿ ಯಾರಿಗಾದರೂ ಮಾತು ತಡವಾಗಿತ್ತಾ ಅಂತ ನಾವೂ ಮೊದಲೇ ಕೇಳೋದು, ಆದರೆ ಧೈರ್ಯ ತಗೊಳ್ಳೋಕಲ್ಲ. ಅದು ರಕ್ತದಲ್ಲಿ ಬರಬಹುದು ಅಂತ ಎಚ್ಚರಕ್ಕೆ. ಆಯ್ತು, ಅವನಪ್ಪನಿಗೆ ಮಾತೇನೋ ಬಂತು. ಓದು ಹೇಗಿತ್ತು?

ಹಿರಿಯಾಕೆ: ಓದಾ? ಪಾಠ ಜೋರಾಗಿ ಓದು ಅಂದ್ರೆ ಬೆವರೋನು. ಏಳನೇ ಕ್ಲಾಸಲ್ಲೂ ಅಕ್ಷರ ಕೂಡಿಸಿ ಕೂಡಿಸಿ ಓದ್ತಿದ್ದ. ನಾವೆಲ್ಲ ಸೋಮಾರಿ ಅಂತ ಬೈತಿದ್ವಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಿರಿಯಾಕೆ: ಇರಬಹುದು. ತಡವಾಗಿ ಮಾತು ಬಂದವರಲ್ಲಿ ಕೆಲವರಿಗೆ ಮುಂದೆ ಓದು ಬರಹ ಎಡವುತ್ತೆ. ಬಾಯಿ ಬಂತು ಅಂದ ಕೂಡಲೇ ನಾವು ಮರೆತುಬಿಡ್ತೀವಿ. ಮಗು ಶಾಲೇಲಿ ಒಂಟಿಯಾಗಿ ಒದ್ದಾಡುತ್ತೆ. ಅವನ ವಿಷಯದಲ್ಲಿ ಅದೇ ಕಾರಣ ಅಂತ ನಾನು ಈಗ ಹೇಳೋಕಾಗಲ್ಲ. ಆದರೆ ‘ಅಪ್ಪನಿಗೂ ಹಾಗೇ ಇತ್ತು, ಏನೂ ಆಗಲಿಲ್ಲ’ ಅನ್ನೋದು ಅರ್ಧ ಕಥೆ.

ಹಿರಿಯಾಕೆ: ಗಂಡು ಮಕ್ಕಳಿಗೆ ಮಾತು ತಡ ಅನ್ನೋದೂ ಸುಳ್ಳಾ?

ಕಿರಿಯಾಕೆ: ಸುಳ್ಳಲ್ಲ, ಆದರೆ ಆ ವ್ಯತ್ಯಾಸ ಒಂದೆರಡು ತಿಂಗಳದ್ದು. ಆ ಮಾತನ್ನ ನಂಬಿ ಜನ ವರ್ಷ ಒಂದೂವರೆ ವರ್ಷ ಕಾಯ್ತಾರೆ.

ಹಿರಿಯಾಕೆ: ಸರಿ. ಏನು ನೋಡಬೇಕು ಅಂತ ಹೇಳು. ಪುಸ್ತಕದ ಭಾಷೆ ಬೇಡ. ಹಳ್ಳೀಲಿರೋ ತಾಯಿ ಒಲೆ ಮುಂದೆ ಕೂತು ನೋಡಬಹುದಾದ್ದು ಹೇಳು.

ಕಿರಿಯಾಕೆ: ಮಾತು ಎಣಿಸೋಕೆ ಮುಂಚೆ ಮಗು ಏನೇನು ಮಾಡುತ್ತೆ ನೋಡಬೇಕು. ಎರಡು ಮೂರು ತಿಂಗಳಿಗೆ ಅಮ್ಮನ ದನಿ ಕೇಳಿ ಸುಮ್ಮನಾಗಬೇಕು, ತಾನೂ ‘ಊ, ಆ’ ಅನ್ನಬೇಕು. ಆರೇಳು ತಿಂಗಳಿಗೆ ‘ಬಬಬ, ಮಮಮ’ ಶುರುವಾಗಬೇಕು. ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಕೂಗಿದರೆ ತಿರುಗಬೇಕು. ವರ್ಷಕ್ಕೆ ಟಾಟಾ ಮಾಡಬೇಕು, ಬೇಕಾದ್ದಕ್ಕೆ ಕೈ ಚಾಚಬೇಕು, ಬೆರಳು ತೋರಿಸೋಕೆ ತೊಡಗಬೇಕು, ಒಂದೋ ಎರಡೋ ಪದ ಬಂದಿರಬೇಕು. ವರ್ಷವಾದರೂ ‘ಬಬಬ’ ಇಲ್ಲ, ಟಾಟಾ ಇಲ್ಲ, ಕೈ ತೋರಿಸೋದಿಲ್ಲ. ಹದಿನಾರು ತಿಂಗಳಾದರೂ ಒಂದು ಪದ ಇಲ್ಲ. ಎರಡು ವರ್ಷಕ್ಕೆ ತಾನಾಗಿ ಎರಡು ಪದ ಜೋಡಿಸಲ್ಲ ಅಂದ್ರೆ ತೋರಿಸಲೇಬೇಕು.

ಹಿರಿಯಾಕೆ: ಪದ ಜೋಡಿಸೋದು ಅಂದ್ರೆ? ‘ಟಾಟಾ ಬಾಯ್’ ಅನ್ನುತ್ತಲ್ಲ.

ಕಿರಿಯಾಕೆ: ಅದು ಬಾಯಿಪಾಠ, ಒಂದೇ ಗಂಟಾಗಿ ಕಲಿತದ್ದು. ‘ಅಪ್ಪ ಬಂತು’, ‘ಅಜ್ಜಿ ಬಾ’, ‘ಚಪ್ಪಲಿ ಇಲ್ಲ’ ಅಂತ ತನಗೆ ಬೇಕಾದ ಹಾಗೆ ಜೋಡಿಸಬೇಕು. ಎಣಿಸೋದರಲ್ಲೂ ತಾಯಂದಿರು ಎಡವ್ತಾರೆ. ಬುವ್ವ, ತಾಚಿ, ಅಂಬಾ, ಬೌಬೌ ಇವೆಲ್ಲ ಮಾತಲ್ಲ ಅಂತ ಬಿಟ್ಟುಬಿಡ್ತಾರೆ. ಒಂದೇ ವಸ್ತುವಿಗೆ ಪ್ರತಿ ಸಲ ಅದೇ ಸದ್ದು ಮಾಡಿದರೆ ಅದು ಪದವೇ. ಹಾಗೆ ಎಣಿಸಿದರೆ ಎಷ್ಟೋ ಮಕ್ಕಳ ಲೆಕ್ಕ ಸರಿಹೋಗುತ್ತೆ. ‘ರಾಮ’ ಅನ್ನೋಕೆ ‘ಲಾಮ’ ಅನ್ನುತ್ತೆ ಅಂತ ಮೂರು ವರ್ಷದವರನ್ನ ಕರೆತರ್ತಾರೆ. ರ, ಳ, ಶ ನಿಧಾನವಾಗಿ ಬರೋ ಅಕ್ಷರಗಳು, ಆ ತೊದಲಿಗೆ ಹೆದರಬೇಕಿಲ್ಲ. ಮೂರು ವರ್ಷದ ಮಗು ಆಡಿದ್ದರಲ್ಲಿ ಮುಕ್ಕಾಲು ಪಾಲು ಹೊರಗಿನವರಿಗೂ ತಿಳಿದರೆ ಸಾಕು.

ಹಿರಿಯಾಕೆ: ಬೆರಳು ತೋರಿಸೋದನ್ನ ಎರಡು ಸಲ ಅಂದೆ. ಮಾತು ಬರದವರು ತಾನೇ ಬೆರಳು ತೋರಿಸೋದು?

ಕಿರಿಯಾಕೆ: ಮಾತಿಗೆ ಮುಂಚೆ ಬರಬೇಕಾದ್ದೇ ಬೆರಳು ದೊಡ್ಡಮ್ಮ. ನೀವು ಸಂಜೆ ಮಗೂನ ಸೊಂಟಕ್ಕೇರಿಸಿಕೊಂಡು ಚಂದಮಾಮನ್ನ ತೋರಿಸಿ ತುತ್ತು ಹಾಕ್ತಿದ್ರಲ್ಲ, ಆಗ ಮಗು ಮೊದಲು ನಿಮ್ಮ ಬೆರಳು ನೋಡೋದು, ಆಮೇಲೆ ಬೆರಳು ಹಿಡಿದು ಚಂದ್ರನ್ನ ನೋಡೋದು, ಆಮೇಲೆ ತಿರುಗಿ ನಿಮ್ಮ ಮುಖ ನೋಡೋದು. ‘ನೀನು ಕಂಡದ್ದೇ ನಾನೂ ಕಂಡೆ’ ಅಂತ. ಅದು ಬಂದ ಮಗುವಿಗೆ ಮಾತು ತಡವಾದರೂ ನನಗೆ ಅಷ್ಟು ಗಾಬರಿ ಇಲ್ಲ. ಇನ್ನೊಂದು ಮಗು ಎರಡು ವರ್ಷಕ್ಕೇ ಎ ಬಿ ಸಿ ಡಿ ಹೇಳುತ್ತೆ, ನೂರರವರೆಗೆ ಎಣಿಸುತ್ತೆ, ಜಾಹೀರಾತೆಲ್ಲ ಒಪ್ಪಿಸುತ್ತೆ, ಆದರೆ ಬಾಯಾರಿದಾಗ ನೀರು ಕೇಳಲ್ಲ, ಹೆಸರು ಕೂಗಿದರೆ ತಿರುಗಲ್ಲ, ಹೊಸ ಆಟಿಕೆ ತಂದು ‘ನೋಡು’ ಅಂತ ತೋರಿಸಲ್ಲ. ಮನೆಯವರು ಬುದ್ಧಿವಂತ ಅಂತ ಖುಷಿಯಾಗಿರ್ತಾರೆ. ನಾನು ಮೊದಲು ಕರೆಯೋದು ಆ ಮಗೂನ. ಆಟಿಸಂ ಇದೆಯಾ ಅಂತ ನೋಡೋಕೆ ಹೇಳ್ತೀನಿ.

ಹಿರಿಯಾಕೆ: ನಮ್ಮವನು ಬೆರಳು ತೋರಿಸ್ತಾನೆ. ಬೆಳಿಗ್ಗೆ ಕೊಟ್ಟಿಗೆ ಹತ್ತಿರ ಕರುವನ್ನ ತೋರಿಸಿ ನನ್ನ ಸೆರಗು ಎಳೆದ. ‘ಅಜ್ಜನ ಕನ್ನಡಕ ತಗೊಂಬಾ’ ಅಂದೆ, ಒಳಗಿಂದ ತಂದುಕೊಟ್ಟ. ಮತ್ತೇನು?

ಕಿರಿಯಾಕೆ: ಒಳ್ಳೇದೇ. ಕೈಸನ್ನೆ ಮಾಡದೆ ಹೇಳಿದ್ರಾ? ಹಾಗಿದ್ದರೆ ಬಹಳ ಒಳ್ಳೇದು, ಅರ್ಥ ಆಗ್ತಿದೆ. ಅರ್ಥವೂ ಆಗದೆ ಮಾತೂ ಬರದೆ ಇದ್ದಿದ್ದರೆ ನಾನು ಹಬ್ಬ ಮುಗಿಯೋವರೆಗೂ ಕಾಯ್ತಿರಲಿಲ್ಲ. ಇನ್ನೊಂದು ಗಟ್ಟಿ ಮಾತು: ಬಂದಿದ್ದ ಪದ ನಿಂತುಹೋದರೆ, ಯಾವ ವಯಸ್ಸೇ ಆಗಲಿ, ಒಂದು ದಿನವೂ ಕಾಯಬಾರದು. ದೃಷ್ಟಿ ತಾಗಿದೆ ಅಂತ ಮನೆಯವರು ತಿಂಗಳುಗಟ್ಟಲೆ ನಿವಾಳಿಸ್ತಾ ಕೂತಿರ್ತಾರೆ.

ಹಿರಿಯಾಕೆ: ಇಷ್ಟೆಲ್ಲ ಸರಿಯಿದ್ದ ಮೇಲೆ ಇವನನ್ನ ಯಾಕೆ ಕರ್ಕೊಂಡು ಹೋಗಬೇಕು?

ಕಿರಿಯಾಕೆ: ಕಿವಿ ನೋಡಿಸೋಕೆ.

ಹಿರಿಯಾಕೆ: ಕಿವಿ ಕೇಳದೇನೇ ಕನ್ನಡಕ ತಂದನಾ? ಕುಕ್ಕರ್ ಸೀಟಿ ಹಾಕಿದರೆ ಬೆಚ್ಚಿಬೀಳ್ತಾನೆ!

ಕಿರಿಯಾಕೆ: ಕುಕ್ಕರ್ ಸೀಟಿ, ಬಾಗಿಲು ಬಡಿಯೋದು, ತಟ್ಟೆ ಬಿದ್ದದ್ದು ಇವು ಕೇಳಿಸಿದರೆ ಮಾತು ಪೂರ್ತಿ ಕೇಳಿಸುತ್ತೆ ಅಂತ ಅರ್ಥ ಅಲ್ಲ. ‘ಸ’, ‘ತ’ ಥರದ ಸದ್ದು ಮೆಲ್ಲಗಿರುತ್ತೆ. ಕಿವಿ ಸ್ವಲ್ಪ ಮಂದವಾದರೂ ಮೊದಲು ಹೋಗೋದು ಅವೇ. ಪೂರ್ತಿ ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ‘ಊ, ಆ’ ಅನ್ನುತ್ತೆ, ನಗುತ್ತೆ. ಮನೆಯವರಿಗೆ ಅನುಮಾನವೇ ಬರಲ್ಲ. ಇನ್ನು ಕೆಲವರಿಗೆ ಪದೇ ಪದೇ ನೆಗಡಿಯಾಗಿ ಕಿವಿ ತಮಟೆಯ ಹಿಂದೆ ನೀರು ನಿಂತಿರುತ್ತೆ. ನೋವಿಲ್ಲ, ಸೋರಲ್ಲ. ಕಿವಿ ಮುಚ್ಚಿಕೊಂಡು ಕೇಳಿದ ಹಾಗಿರುತ್ತೆ. ಒಂದು ವಾರ ಚೆನ್ನಾಗಿ ಕೇಳುತ್ತೆ, ಇನ್ನೊಂದು ವಾರ ಮಂದ. ಇವನು ರಾತ್ರಿ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೀತಾನೆ, ಕೇಳಿಸಿಕೊಂಡ್ರಾ?

ಹಿರಿಯಾಕೆ: ಕೇಳಿಸಿತು. ನಾನು ಶೀತ ಅಂದುಕೊಂಡೆ.

ಕಿರಿಯಾಕೆ: ಶೀತವೇ ಇರಬಹುದು. ಇನ್ನೊಂದು ವಿಷಯ, ಕೋಪ ಮಾಡ್ಕೋಬೇಡಿ. ಅವನ ಅಪ್ಪ ಅಮ್ಮನದು ಸೋದರಮಾವನ ಮಗಳ ಸಂಬಂಧ. ಹುಟ್ಟುಕಿವುಡು ಒಂದೇ ರಕ್ತದ ಮದುವೆಗಳಲ್ಲಿ ಜಾಸ್ತಿ ಕಾಣುತ್ತೆ.

ಹಿರಿಯಾಕೆ: ಕೋಪ ಬರದೆ ಇರುತ್ತಾ? ನಮ್ಮ ಕಡೆ ಯಾರ ಮನೇಲಿ ಇಲ್ಲ ಹೇಳು ಆ ಸಂಬಂಧ? ನನ್ನದೂ ಸೋದರಮಾವನ ಜೊತೆಗೇ ಆದದ್ದು. ನನ್ನ ಮಕ್ಕಳಿಗೇನಾಗಿದೆ?

ಕಿರಿಯಾಕೆ: ಏನೂ ಆಗಿಲ್ಲ, ಬಹಳ ಜನಕ್ಕೆ ಏನೂ ಆಗಲ್ಲ. ಮದುವೆ ತಪ್ಪು ಅಂತ ನಾನು ಹೇಳ್ತಿಲ್ಲ. ಅಂಥ ಮನೇಲಿ ಕಿವಿ ಪರೀಕ್ಷೆ ಬಿಡಬಾರದು ಅಂತಿದೀನಿ. ಹುಟ್ಟಿದ ತಿಂಗಳೊಳಗೆ ಒಂದು ಸಲ ನೋಡೋದು, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಮಾಡೋದು, ಆರು ತಿಂಗಳೊಳಗೆ ಚಿಕಿತ್ಸೆ ಶುರು ಮಾಡೋದು, ಇದು ನಮ್ಮ ಲೆಕ್ಕ. ಇವನು ಹುಟ್ಟಿದಾಗ ಯಾರೂ ನೋಡಿಲ್ಲ. ಪರೀಕ್ಷೆ ಅಂದ್ರೆ ಸೂಜಿಯಲ್ಲ, ಕತ್ತರಿಯಲ್ಲ. ಒಎಇ ಅಂತ ಒಂದಿದೆ, ಕಿವಿಗೆ ಚಿಕ್ಕ ಬಿರಡೆ ಇಟ್ಟು ಮೆಲ್ಲಗೆ ಸದ್ದು ಕಳಿಸ್ತಾರೆ, ಕೆಲವೇ ನಿಮಿಷ. ಅದರಲ್ಲಿ ಸರಿಯಾಗಿ ತಿಳಿಯದಿದ್ದರೆ ಬೆರಾ ಅಂತ ಇನ್ನೊಂದು. ಮಲಗಿರೋ ಮಗುವಿನ ಹಣೆ, ಕಿವಿ ಹಿಂದೆ ತಂತಿ ಅಂಟಿಸಿ, ಸದ್ದು ಮೆದುಳಿನ ದಾರಿಗೆ ಮುಟ್ಟುತ್ತಾ ಅಂತ ನೋಡ್ತಾರೆ.

ಇಷ್ಟು ಹೊತ್ತಿಗೆ ಒಳಗಿನಿಂದ ಯಾರೋ ಬಂದು, ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಸಾಕು, ಇಷ್ಟು ಚರ್ಚೆ ಯಾಕೆ ಎಂದು ಹೇಳಿ ಹೋದರು.

ಹಿರಿಯಾಕೆ: ನಗಬೇಡ. ನಮಗೆಲ್ಲ ಹಚ್ಚಿದ್ದೇ ಅದು. ದೇವಸ್ಥಾನದ ಗಂಟೆ ತೊಳೆದ ನೀರನ್ನೂ ಕುಡಿಸ್ತಿದ್ರು.

ಕಿರಿಯಾಕೆ: ನಗ್ತಿಲ್ಲ. ಬಜೆ ನಾಲಿಗೆಗೆ ತಾಗುತ್ತೆ, ಮಾತು ಶುರುವಾಗೋದು ಕಿವಿ ಮತ್ತೆ ಮೆದುಳಲ್ಲಿ. ನಾಲಿಗೆ ಕೆಳಗಿನ ನರ ಕಟ್ಟಿದೆ, ಕತ್ತರಿಸಿದರೆ ಮಾತು ಬರುತ್ತೆ ಅಂತ ಬರೋರೂ ಇದಾರೆ. ನಾಲಿಗೆ ಕಟ್ಟಿದ್ದರೆ ಒಂದೆರಡು ಅಕ್ಷರ ತಿರುಗದೆ ಇರಬಹುದು, ಮಾತೇ ಬಾರದೆ ಇರೋದಕ್ಕೆ ಅದು ಕಾರಣ ಅಲ್ಲ. ಬಜೆ ಜೊತೆ ಜೇನು ಕಲಸಿ ವರ್ಷ ತುಂಬದ ಕೂಸಿಗೆ ನೆಕ್ಕಿಸೋದಂತೂ ಬೇಡವೇ ಬೇಡ, ಆ ವಯಸ್ಸಿಗೆ ಜೇನು ಅಪಾಯ. ಹರಕೆಗೆ ನನ್ನ ತಕರಾರಿಲ್ಲ. ಹರಕೆ ಹೊತ್ತ ವಾರವೇ ಕಿವಿ ಪರೀಕ್ಷೇನೂ ಆಗಲಿ.

ಹಿರಿಯಾಕೆ: ಈಗ ನನ್ನ ಸರದಿ. ನಿಮ್ಮ ಪಟ್ಟಿಗಳೇನು ದೇವರು ಬರೆದದ್ದಾ? ಯಾವುದೋ ದೇಶದ ಮಕ್ಕಳನ್ನ ನೋಡಿ ಬರೆದದ್ದು ತಾನೇ?

ಕಿರಿಯಾಕೆ: ಕೆಲವು ಹಾಗೇ. ತಿರುವನಂತಪುರದಲ್ಲಿ ನಮ್ಮ ಮಕ್ಕಳನ್ನೇ ನೋಡಿ ಮಾಡಿದ ಪಟ್ಟಿಗಳೂ ಇವೆ. ನಿಮಗೆ ಇನ್ನೊಂದು ಅಸ್ತ್ರ ನಾನೇ ಕೊಡ್ತೀನಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು, ಸಿಡಿಸಿ ಅಂತಾರಲ್ಲ, ಅವರು 2022ರಲ್ಲಿ ತಮ್ಮ ಪಟ್ಟಿ ತಿದ್ದಿದರು. ಎರಡು ವರ್ಷಕ್ಕೆ 50 ಪದ ಅಂತ ನಾವು ಕೇಳಿಕೊಂಡು ಬಂದಿದ್ದನ್ನ ಅವರು ಎರಡೂವರೆಗೆ ಇಟ್ಟರು.

ಹಿರಿಯಾಕೆ: ನೋಡಿದೆಯಾ! ಗೆರೆ ಎಳೆಯೋರೂ ನೀವೇ, ಅಳಿಸೋರೂ ನೀವೇ. ಆ ಆರು ತಿಂಗಳು ನಿದ್ದೆಗೆಟ್ಟ ತಾಯಂದಿರಿಗೆ ಯಾರು ಉತ್ತರ ಕೊಡ್ತಾರೆ?

ಕಿರಿಯಾಕೆ: ನಮ್ಮವರಲ್ಲೂ ಎಷ್ಟೋ ಜನ ಅದನ್ನ ಒಪ್ಪಿಲ್ಲ. ಆದರೆ ಅವರು ಕೊಟ್ಟ ಕಾರಣ ಕೇಳಿ. ಮೊದಲು ಗೆರೆ ಇದ್ದದ್ದು ನಡುವಿನ ಮಗುವಿಗೆ. ನೂರರಲ್ಲಿ ಐವತ್ತು ಮಕ್ಕಳು ಅದರ ಕೆಳಗೇ ಇರೋರು, ಹಾಗಾಗಿ ಡಾಕ್ಟರೇ ‘ಕಾಯಿರಿ’ ಅನ್ನೋರು. ಈಗ ನೂರಕ್ಕೆ 75 ಮಕ್ಕಳು ದಾಟಿರೋ ವಯಸ್ಸಿಗೆ ಗೆರೆ ಎಳೆದಿದಾರೆ, ದಾಟದವರಿಗೆ ‘ಕಾಯಿರಿ’ ಅನ್ನೋ ಮಾತು ಇರಬಾರದು ಅಂತ. ಗೆರೆ ಸರಿಸಿದ್ದು ಕಾಯೋಕಲ್ಲ.

ಹಿರಿಯಾಕೆ: ಹಾಗೆ ಕಾಯದೆ ಓಡಿದರೆ ಏನಾಗುತ್ತೆ ಹೇಳಲಾ? ಆಗಲೇ ಅಂದೆನಲ್ಲ, ಮನೆ ಒಳಗೆ ಉಳಿದವರು ಅಂತ. ಒಂದು ಹೆಣ್ಣುಮಗು, ಮೂರು ವರ್ಷ. ನಾಲ್ಕು ಮಾತಾಡೋದು. ಪಟ್ಟಣಕ್ಕೆ ತೋರಿಸಿ ಬಂದರು, ಕಾಗದದಲ್ಲಿ ಏನೋ ದೊಡ್ಡ ಹೆಸರು ಬರೆದುಕೊಟ್ಟಿದ್ರು. ಅವತ್ತಿನಿಂದ ಆ ಮನೇಲಿ ಮಗುವಿನ ಜೊತೆ ಮಾತಾಡೋದೇ ನಿಲ್ಲಿಸಿದರು. ‘ಅದಕ್ಕೆಲ್ಲಿ ಅರ್ಥ ಆಗುತ್ತೆ’ ಅಂತ ಅಜ್ಜಿ ನನ್ನೆದುರಿಗೇ ಅಂದ್ಲು. ಬೀದಿ ಮಕ್ಕಳು ‘ಮೂಗಿ’ ಅಂತ ಕರೆದವು. ಆ ಮಗುವಿಗೆ ಕಾಯಿಲೆಗಿಂತ ಕಾಗದವೇ ಜಾಸ್ತಿ ಕೆಟ್ಟದ್ದು ಮಾಡಿತು.

ಕಿರಿಯಾಕೆ: ಹೆಸರು ಬರೆದುಕೊಟ್ಟು ಕಳಿಸಿದ್ದು ಅನ್ಯಾಯ. ಮನೆಯವರನ್ನ ಕೂರಿಸಿ ಏನು ಮಾಡಬೇಕು, ಏನು ಮಾಡಬಾರದು ಹೇಳಬೇಕಿತ್ತು. ಆದರೆ ಕಾಗದ ಇಲ್ಲದವರಿಗೂ ಹೆಸರು ತಪ್ಪಿದ್ದಲ್ಲ ದೊಡ್ಡಮ್ಮ. ಕಿವಿ ಕೇಳದ ಮಗೂನ ‘ಹಠಮಾರಿ, ಕರೆದರೆ ತಿರುಗಲ್ಲ’ ಅಂತ ಹೊಡೆದಿರ್ತಾರೆ. ‘ಪೆದ್ದ’ ಅಂತ ಶಾಲೇಲಿ ಹಿಂದೆ ಕೂರಿಸಿರ್ತಾರೆ. ನನ್ನ ಹತ್ತಿರ ಐದು ವರ್ಷಕ್ಕೆ ಬರೋ ಹೊತ್ತಿಗೆ ಅವರಿಗೆ ಊರು ನಾಲ್ಕು ಹೆಸರು ಇಟ್ಟಾಗಿರುತ್ತೆ.

ಹಿರಿಯಾಕೆ: ಊರು ಇಟ್ಟ ಹೆಸರು ಬೇಗ ಅಳಿಸಿಹೋಗುತ್ತೆ ಕಣೇ. ಡಾಕ್ಟರು ಬರೆದದ್ದು ಫೈಲಿನಲ್ಲಿ ಉಳಿಯುತ್ತೆ, ಶಾಲೆ ಸೇರಿಸುವಾಗ ಕೇಳ್ತಾರೆ, ನಾಳೆ ಮದುವೆ ಮಾತಲ್ಲೂ ಬರುತ್ತೆ.

ಕಿರಿಯಾಕೆ: ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಅದೇ ಫೈಲಿನಿಂದ ಸರ್ಕಾರದ ನೆರವೂ ಸಿಗುತ್ತೆ. ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟು ಬೇಕಾದ ಮಗುವಿಗೆ ಕಾಗದ ಇಲ್ಲದೆ ಏನೂ ಆಗಲ್ಲ. ಇಂಪ್ಲಾಂಟ್ ಎಷ್ಟು ಬೇಗ ಹಾಕಿದರೆ ಮಾತು ಅಷ್ಟು ಸಲೀಸು.

ಹಿರಿಯಾಕೆ: ಆಯ್ತು, ಬೆಂಗಳೂರಿನವರು ಹೋಗ್ತಾರೆ. ಸಕಲೇಶಪುರದಾಚೆ ಎಸ್ಟೇಟಲ್ಲಿ ಕೂಲಿ ಮಾಡೋಳು? ಒಂದು ದಿನ ಆಸ್ಪತ್ರೆಗೆ ಅಂದ್ರೆ ಒಂದು ದಿನದ ಕೂಲಿ ಹೋಯ್ತು. ವಾರಕ್ಕೆ ಎರಡು ಸಲ ಥೆರಪಿ ಅಂದ್ರೆ?

ಕಿರಿಯಾಕೆ: 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆಯಲ್ಲ, ಅಂಗನವಾಡಿಗೆ ವರ್ಷಕ್ಕೆರಡು ಸಲ ತಂಡ ಬರುತ್ತೆ. ಅವರು ನೋಡೋ ತೊಂದರೆಗಳಲ್ಲಿ ಮಾತು ತಡವಾಗೋದೂ ಒಂದು. ಅನುಮಾನ ಬಂದರೆ ಜಿಲ್ಲಾ ಕೇಂದ್ರಕ್ಕೆ ಕಳಿಸ್ತಾರೆ.

ಹಿರಿಯಾಕೆ: ಬರ್ತಿದ್ರು. ಬಿಳಿ ಕೋಟು ನೋಡಿದ್ರೆ ಮಾತಾಡೋ ಮಗೂನೂ ಬಾಯಿ ಮುಚ್ಚಿಕೊಳ್ಳೋದು, ಇನ್ನೊಂದು ಅಳೋದು. ಆ ಗಲಾಟೆಯಲ್ಲಿ ಯಾರಿಗೆ ಕಿವಿ ಮಂದ, ಯಾರಿಗೆ ನಾಚಿಕೆ, ಹೇಗೆ ತಿಳಿಯುತ್ತೆ? ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ, ದಿನಾ ನೋಡೋರು ನಾವು. ತಾಯಿ ಕಾರ್ಡಲ್ಲೂ ಮಗು ಯಾವ ತಿಂಗಳಿಗೆ ಏನು ಮಾಡುತ್ತೆ ಅಂತ ಚಿತ್ರ ಇತ್ತು. ಚುಚ್ಚುಮದ್ದಿನ ತಾರೀಕಿನ ಪುಟ ಬಿಟ್ಟು ಬೇರೆ ಪುಟ ಯಾರೂ ತೆಗೀತಿರಲಿಲ್ಲ.

ಕಿರಿಯಾಕೆ: ಈ ಮಾತನ್ನ ನಾನು ಒಪ್ಪಿಕೊಳ್ತೀನಿ. ಕೋಣೆಯಲ್ಲಿ ಅರ್ಧ ಗಂಟೆ ನೋಡೋ ನನಗಿಂತ ದಿನಾ ನೋಡೋರ ಮಾತಿಗೆ ತೂಕ ಜಾಸ್ತಿ. ಅದಕ್ಕೇ ತಾಯಿಗೆ ಅನುಮಾನ ಬಂದಿದೆ ಅಂದ್ರೆ ನಾನು ಅದನ್ನ ಹಗುರವಾಗಿ ತಗೊಳ್ಳಲ್ಲ. ಈ ಮನೇಲಿ ಆ ಹುಡುಗಿ ಮಾತಿಗೆ ಯಾರೂ ತೂಕ ಕೊಡ್ತಿಲ್ಲ.

ಹಿರಿಯಾಕೆ: ಹುಂ. ಇರಲಿ, ಥೆರಪಿ ಅಂದ್ರೆ ಏನು ಮಾಡ್ತೀರಿ ಹೇಳು.

ಕಿರಿಯಾಕೆ: ಮಗುವಿನ ಜೊತೆ ನೆಲದ ಮೇಲೆ ಕೂರ್ತೀವಿ. ಅದು ನೋಡಿದ್ದನ್ನ ನಾವೂ ನೋಡಿ ಹೆಸರು ಹೇಳ್ತೀವಿ. ‘ಚೆಂಡು’ ಅಂದ್ರೆ ‘ದೊಡ್ಡ ಚೆಂಡು’ ಅಂತೀವಿ. ಹಾಡು ಅರ್ಧಕ್ಕೆ ನಿಲ್ಲಿಸಿ, ಮುಂದಿನದು ಮಗು ಹೇಳಲಿ ಅಂತ ಕಾಯ್ತೀವಿ.

ಹಿರಿಯಾಕೆ: ಇದನ್ನೇ ಅಜ್ಜಿಯರು ಮಾಡ್ತಿದ್ದದ್ದು! ಇದಕ್ಕೆ ಗಂಟೆಗೆ ದುಡ್ಡು ಕೊಡಬೇಕಾ?

ಕಿರಿಯಾಕೆ: ಅಜ್ಜಿ ಮನೇಲಿದ್ದರೆ, ಮಗುವಿನ ಕಿವಿ ಸರಿಯಿದ್ದರೆ, ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕು. ಆದರೆ ಕಿವಿಗೆ ಬೀಳದ ಮಗುವಿಗೆ ನಿಮ್ಮ ಹಾಡು ಮುಟ್ಟಲ್ಲ. ನಿಮ್ಮ ಮುಖವನ್ನೇ ನೋಡದ ಮಗುವಿನ ಆಟದೊಳಗೆ ಹೇಗೆ ಹೋಗಬೇಕು ಅನ್ನೋದನ್ನ ಕಲಿಯಬೇಕು. ಇನ್ನು ಈಗಿನ ಅಜ್ಜಿಯರು ಬೆಂಗಳೂರಲ್ಲಿ ಏನು ಮಾಡ್ತಿದಾರೆ? ಮೊಬೈಲ್ ಮುಂದಿಟ್ಟು ತುತ್ತು ಹಾಕ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಒಂದು ವರ್ಷದ ಮಗುವಿಗೂ ಪರದೆ ಬೇಡ, ಎರಡು ತುಂಬಿದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ. ಮೊಬೈಲ್ ಮಗುವಿಗೆ ಮಾತು ಹೇಳುತ್ತೆ, ಮಗು ಹೇಳಿದ್ದನ್ನ ಕೇಳಿಸಿಕೊಳ್ಳಲ್ಲ.

ಹಿರಿಯಾಕೆ: ನೀರು ಬೇಕಾದರೆ ‘ನೀರು’ ಅಂತ ಹೇಳೋವರೆಗೂ ಕೊಡಬೇಡಿ ಅಂತ ಯಾರೋ ಹೇಳಿಕೊಟ್ಟಿದಾರಂತೆ ಆ ಹುಡುಗಿಗೆ. ನಿನ್ನೆ ಮಗು ಅತ್ತೂ ಅತ್ತೂ ಮಲಗಿತು.

ಕಿರಿಯಾಕೆ: ಅದು ತಪ್ಪು, ಹೇಳ್ತೀನಿ ಅವಳಿಗೆ. ಬೆರಳು ತೋರಿಸಿದರೆ ‘ನೀರು ಬೇಕಾ? ತಗೋ ನೀರು’ ಅಂತ ಕೊಟ್ಟುಬಿಡಬೇಕು. ಸನ್ನೆ ಮಾಡಿದರೆ ಮಾತು ಬರಲ್ಲ ಅನ್ನೋದು ಸುಳ್ಳು. ಹಾಗೇ ದಿನವಿಡೀ ‘ಇದೇನು? ಅದೇನು? ಹೇಳು, ಹೇಳು’ ಅಂತ ಪರೀಕ್ಷೆ ಮಾಡೋದೂ ಬೇಡ.

ಹಿರಿಯಾಕೆ: ಪ್ಲೇಹೋಮಿನವರು ಮನೇಲೂ ಇಂಗ್ಲಿಷೇ ಮಾತಾಡಿ, ಎರಡು ಮೂರು ಭಾಷೆ ಮಗುವಿಗೆ ಗೊಂದಲ ಅಂದರಂತೆ. ಮಗು ನೋಡಿಕೊಳ್ಳೋಳು ಹಿಂದಿ, ಪಕ್ಕದ ಮನೆಯವರು ತೆಲುಗು. ನನಗೂ ಅದು ಸರಿ ಅನ್ನಿಸಿತು.

ಕಿರಿಯಾಕೆ: ನಿಮಗೇ ಸರಿ ಅನ್ನಿಸಿತಾ? ಮಂಗಳೂರಿನ ಕಡೆ ಮನೇಲಿ ತುಳುವೋ ಕೊಂಕಣಿಯೋ, ಬೀದೀಲಿ ಕನ್ನಡ. ಅಲ್ಲಿನ ಮಕ್ಕಳೆಲ್ಲ ಮೂಗರಾಗಿದಾರಾ? ಹಲವು ಭಾಷೆ ಕೇಳೋದರಿಂದ ಮಾತು ತಡವಾಗಲ್ಲ. ಒಂದು ಭಾಷೇಲಿ ಕಡಿಮೆ ಪದ ಕಂಡರೂ ಎಲ್ಲ ಭಾಷೆಯ ಪದ ಸೇರಿಸಿ ಎಣಿಸಬೇಕು. ನೀರಿಗೆ ‘ಪಾನಿ’ ಅಂದರೂ ಅದು ಮಾತೇ. ಅಮ್ಮನಿಗೆ ಸಲೀಸಾಗಿ ಬರೋ ಭಾಷೆ ಬಿಡಿಸಿದರೆ ಅವಳು ಮಗುವಿನ ಜೊತೆ ಆಡೋ ಮಾತೇ ಕಡಿಮೆಯಾಗುತ್ತೆ. ಅಂದ ಹಾಗೆ, ನಿಜವಾದ ತೊಂದರೆ ಇರೋ ಮಗು ಎಲ್ಲ ಭಾಷೇಲೂ ಹಿಂದೆ ಇರುತ್ತೆ. ‘ಭಾಷೆ ಜಾಸ್ತಿ ಆಯ್ತು, ಅದಕ್ಕೇ’ ಅನ್ನೋದು ಕಾಯೋಕೆ ಸಿಗೋ ಇನ್ನೊಂದು ನೆಪ.

ಹಿರಿಯಾಕೆ: ಎಲ್ಲವೂ ನೆಪ ನಿನಗೆ! ಸರಿ, ಕೊನೇದು ಕೇಳ್ತೀನಿ. ಪರೀಕ್ಷೆಗೆ ಯಾರು ಹೋಗೋದು? ಥೆರಪಿಗೆ ಯಾರು ಕರ್ಕೊಂಡು ಹೋಗೋದು? ಮನೇಲಿ ಕೂತು ಆಡಿಸೋರು ಯಾರು? ಮೈಸೂರಲ್ಲಿ ಕಿವುಡು ಮಕ್ಕಳ ಜೊತೆ ತಾಯಂದಿರೂ ತರಗತೀಲಿ ಕೂರೋ ಶಾಲೆ ಇದೆ ಅಂತ ನೀನೇ ಹೇಳಿದ್ದೆ. ಊರು, ಗಂಡ, ಕೆಲಸ ಬಿಟ್ಟು ಬಂದು ಬಾಡಿಗೆ ಕೋಣೇಲಿರ್ತಾರೆ ಅಂದೆ. ನೀನು ಹೊಗಳಿ ಹೇಳಿದೆ, ನನಗೆ ಹೊಟ್ಟೆ ಉರೀತು. ಮಾತು ಬರದಿದ್ದರೆ ತಾಯಿ ಸರಿಯಾಗಿ ಆಡಿಸಲಿಲ್ಲ ಅಂತಾರೆ. ಬಂದರೆ ಅಪ್ಪನ ಥರ ತಾನಾಗೇ ಬಂತು ಅಂತಾರೆ.

ಕಿರಿಯಾಕೆ: ಆ ತಾಯಂದಿರು ಮಾಡಿದ್ದನ್ನ ನೋಡಿದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತೆ. ಆದರೆ ಅಪ್ಪಂದಿರು ಎಲ್ಲಿ ಅಂತ ನಾವೂ ಕೇಳಲಿಲ್ಲ. ಮಗುವಿನ ಮಾತಿನ ಕೆಲಸ ಅಂದ್ರೆ ತಾಯಿ ಕೆಲಸ ಅಂತ ನಮ್ಮ ಫಾರಂನಲ್ಲೇ ಬರೆದ ಹಾಗಿರುತ್ತೆ. ತಾಯಿ ಮಾತಾಡಿಸದೆ ಇದ್ದದ್ದಕ್ಕೆ ಮಗು ಕಿವುಡಾಗಲ್ಲ, ಆಟಿಸಂ ಬರಲ್ಲ. ಇದನ್ನ ಮೊದಲ ದಿನವೇ ಮನೆಯವರೆಲ್ಲರ ಎದುರಿಗೆ ಹೇಳಬೇಕು.

ಹಿರಿಯಾಕೆ: ಹೇಳು ಮತ್ತೆ. ನನ್ನ ಮಾತು ಇಷ್ಟು: ಕಿವಿ ನೋಡಿಸಲಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ಕಿವಿ ಸರಿಯಿದ್ದರೆ ಥೆರಪಿ ಗಿರಪಿ ಅಂತ ಎಳೆದಾಡೋದು ಬೇಡ. ಮೊಬೈಲ್ ಬಿಡಿಸಿ, ನಾನೇ ಎರಡು ತಿಂಗಳು ಹೋಗಿ ಇರ್ತೀನಿ. ಸಂಕ್ರಾಂತಿಗೆ ನೋಡೋಣ.

ಕಿರಿಯಾಕೆ: ನಾನಾಗಿದ್ರೆ ಕಿವಿ ನೋಡಿಸಿದ ದಿನವೇ ಮಾತಿನವರಿಗೂ ತೋರಿಸಿ, ಮನೇಲಿ ಏನು ಮಾಡಬೇಕು ಅಂತ ಕೇಳಿಕೊಂಡು ಬರ್ತಿದ್ದೆ. ಸಂಕ್ರಾಂತಿ ದೂರ ದೊಡ್ಡಮ್ಮ. ಆದರೆ ದಿನಾಂಕ ಇಟ್ಟು ಕಾಯೋದಕ್ಕೂ ‘ಬರುತ್ತೆ ಬಿಡು’ ಅನ್ನೋದಕ್ಕೂ ವ್ಯತ್ಯಾಸ ಇದೆ. ಅಲ್ಲಿವರೆಗೆ ಬಂದ ಪದಗಳನ್ನ ಬರೆದಿಡಿ. ಒಂದು ಪದ ಹೋದರೂ ಅವತ್ತೇ ಫೋನ್ ಮಾಡಬೇಕು.

ಹಿರಿಯಾಕೆ: ಬರೆದಿಡ್ತೀನಿ, ಬರೆಯೋದು ನನಗೆ ಹೊಸದಲ್ಲ. ಪರೀಕ್ಷೆಗೆ ಮಾತ್ರ ಅವನಪ್ಪ ರಜಾ ಹಾಕಿ ಕರ್ಕೊಂಡು ಹೋಗಲಿ.

ಕಿರಿಯಾಕೆ: ಅದನ್ನ ನಾನು ಹೇಳಿದರೆ ಅವನಪ್ಪ ಕೇಳಲ್ಲ. ಅವನು ಏಳಲಿ, ನೀವೇ ಹೇಳಬೇಕು.